ಬಿರುಕು ಭಿನ್ನರಾಶಿಯಲ್ಲೇ ಇದೆ

ಕ್ಯಾಲ್ಕುಲಸ್ ತರಗತಿಯ ಮೂರನೇ ವಾರ. ಒಂದನ್ನು ಎಕ್ಸ್‌ನಿಂದ ಭಾಗಿಸಿದಾಗ ಬರುವ ಫಂಕ್ಷನ್ ಯಾವ ದರದಲ್ಲಿ ಬದಲಾಗುತ್ತದೆಂದು ಕಂಡುಹಿಡಿಯಬೇಕು. ಎಕ್ಸ್‌ಗೆ ಎಚ್ ಎಂಬ ಚಿಕ್ಕ ಮೊತ್ತ ಕೂಡಿಸಿ, ಹೊಸ ಬೆಲೆಯಿಂದ ಹಳೆಯ ಬೆಲೆ ಕಳೆದು, ಎಚ್‌ನಿಂದ ಭಾಗಿಸಿ, ಕೊನೆಗೆ ಎಚ್ ಸೊನ್ನೆಯತ್ತ ಸರಿದರೆ ಏನುಳಿಯುತ್ತದೆಂದು ನೋಡಬೇಕು. ಇದರಲ್ಲಿ ಕ್ಯಾಲ್ಕುಲಸ್ ಎನ್ನುವುದು ಕೊನೆಯ ಒಂದೇ ಸಾಲು. ಅದರ ಮೇಲಿನ ನಾಲ್ಕೈದು ಸಾಲೂ ಭಿನ್ನರಾಶಿಗಳನ್ನು ಕಳೆಯುವ ಕೆಲಸ: ಛೇದ ಸಮ ಮಾಡುವುದು, ಆವರಣ ಬಿಡಿಸುವುದು, ಋಣ ಚಿಹ್ನೆಯನ್ನು ಒಳಗಿನ ಎಲ್ಲ ಪದಗಳಿಗೂ ಹಂಚುವುದು, ಮೇಲೂ ಕೆಳಗೂ ಇರುವ ಎಚ್ ಹೊಡೆದುಹಾಕುವುದು. ಮಕ್ಕಳು ಎಡವುವುದು ಇಲ್ಲೇ. ಎಚ್ ಸೊನ್ನೆಗೆ ಹತ್ತಿರವಾಗುವುದೆಂದರೇನು ಎಂದು ಕೇಳಿದರೆ ಸೊಗಸಾಗಿ ವಿವರಿಸುವ ಹುಡುಗಿಯೇ, ಛೇದದಲ್ಲಿರುವ ಎಕ್ಸ್ ಮತ್ತು ಎಚ್‌ನ ಮೊತ್ತವನ್ನು ಎರಡು ಬೇರೆ ಭಿನ್ನರಾಶಿಗಳಾಗಿ ಒಡೆದುಬಿಡುತ್ತಾಳೆ. ಐದನೇ ಒಂದು ಭಾಗ ಬೇರೆ, ಎರಡನೇ ಒಂದು ಮತ್ತು ಮೂರನೇ ಒಂದು ಭಾಗ ಕೂಡಿದರೆ ಬರುವುದು ಬೇರೆ ಎಂಬುದು ಅವಳ ಕೈಗೆ ಹತ್ತಿಲ್ಲ. ಹೊಸ ವಿಚಾರ ಅವಳಿಗೆ ಅರ್ಥವಾಗಿದೆ. ಹಳೆಯದು ಗಟ್ಟಿಯಾಗಿಲ್ಲ.

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಿಗೆ ಈ ದೃಶ್ಯ ಹೊಸದಲ್ಲ. ಹೊಸದು ಯಾವುದೆಂದರೆ, ಆ ಹುಡುಗಿ ಒಂದು ಹೆಜ್ಜೆ ಹಿಂದೆ ಹೋಗಿ ಕಲಿತು ಬರಲು ಇದ್ದ ತರಗತಿಗಳು ಒಂದೊಂದಾಗಿ ಮುಚ್ಚುತ್ತಿರುವುದು. ಕಾಲೇಜ್ ಆಲ್ಜೀಬ್ರಾ ಮತ್ತು ಪ್ರಿಕ್ಯಾಲ್ಕುಲಸ್‌ಗೆ ಕೊಡುತ್ತಿದ್ದ ಕಾಲವನ್ನು ಮೊಟಕುಗೊಳಿಸಿದ್ದರ ಪೆಟ್ಟು ಇವತ್ತಿನ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಎರಡು ವರ್ಷ ಬಿಟ್ಟು ಕಾಣುತ್ತದೆ. ಆದ್ದರಿಂದಲೇ ಈ ಮಾತನ್ನು ಈಗ ಹೇಳುತ್ತಿದ್ದೇವೆ.

ಈ ಕಾಲೇಜುಗಳನ್ನು ಹತ್ತಿರದಿಂದ ನೋಡದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಎರಡು ವರ್ಷದ ಕಾಲೇಜಿನ ಕಲ್ಪನೆ ಇವತ್ತು ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಕಾಲೇಜುಗಳಾಗಿ ಬೆಳೆದಿದೆ. ಪ್ರವೇಶ ಪರೀಕ್ಷೆಯಿಲ್ಲ, ಹದಿನೆಂಟು ತುಂಬಿದವರಿಗೆ ಬಾಗಿಲು ತೆರೆದಿದೆ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ. ಎರಡು ವರ್ಷ ಇಲ್ಲಿ ಓದಿ, ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು. ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಓದುವವರು, ಸೇನೆಯಿಂದ ಬಂದವರು, ಮಕ್ಕಳನ್ನು ಶಾಲೆಗೆ ಬಿಟ್ಟು ತಾವೂ ಪುಸ್ತಕ ಹಿಡಿದವರು ಒಂದೇ ಬೆಂಚಿನಲ್ಲಿ ಕೂರುವ ಜಾಗ ಇದು. ಅಮೆರಿಕದಲ್ಲಿ ನಾವು ಅತ್ಯಂತ ಗೌರವದಿಂದ ನೋಡುವ ಸಂಸ್ಥೆಗಳ ಪೈಕಿ ಇದೂ ಒಂದು. ಅದರ ಮೇಲಿನ ಅಕ್ಕರೆಯೇ ಈ ಬರಹಕ್ಕೆ ಕಾರಣ.

ಹಿಂದೆ ಇಲ್ಲಿಗೆ ಬಂದ ಕೂಡಲೇ ಗಣಿತದ ಒಂದು ಪರೀಕ್ಷೆ ಕೊಡುತ್ತಿದ್ದರು. ಕಂಪ್ಯೂಟರ್ ಮುಂದೆ ಒಂದು ಗಂಟೆ. ಆ ದಿನ ತಲೆನೋವಿದ್ದರೂ ಅಷ್ಟೆ, ಓದು ಬಿಟ್ಟು ಹತ್ತು ವರ್ಷವಾಗಿದ್ದರೂ ಅಷ್ಟೆ. ಬಂದ ಅಂಕದ ಮೇಲೆ ಅಂಕಗಣಿತಕ್ಕೋ, ಬೀಜಗಣಿತದ ಮೊದಲ ಪಾಠಕ್ಕೋ, ಮಧ್ಯಮ ಬೀಜಗಣಿತಕ್ಕೋ ಹಾಕುತ್ತಿದ್ದರು. ಪದವಿಗೆ ಲೆಕ್ಕಕ್ಕೆ ಬರುವ ಮೊದಲ ಗಣಿತ ತರಗತಿ ಮುಟ್ಟುವುದರೊಳಗೆ ಮೂರು ನಾಲ್ಕು ಸೆಮಿಸ್ಟರ್ ಕಳೆಯುತ್ತಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಕಮ್ಯುನಿಟಿ ಕಾಲೇಜ್ ಸಂಶೋಧನಾ ಕೇಂದ್ರದವರು ದೇಶದ ಹಲವು ರಾಜ್ಯಗಳ ಕಾಲೇಜುಗಳ ದಾಖಲೆ ತೆಗೆದು 2010ರಲ್ಲಿ ತೋರಿಸಿದ್ದೇನೆಂದರೆ, ಇಂಥ ಪೂರ್ವಸಿದ್ಧತಾ ಸರಣಿಗೆ ಕಳುಹಿಸಿದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಅದನ್ನು ಪೂರ್ತಿ ಮುಗಿಸುತ್ತಿದ್ದರು. ಶೇಕಡಾ 30ರಷ್ಟು ಮಂದಿ ಒಂದು ತರಗತಿಗೂ ಸೇರದೆ ಹೊರಟುಹೋಗುತ್ತಿದ್ದರು. ನಪಾಸಾಗಿ ಹೋದವರಿಗಿಂತ, ಮೊದಲ ಮೆಟ್ಟಿಲಿಗೋ ಮುಂದಿನದಕ್ಕೋ ಬಾರದೆ ಕಳೆದುಹೋದವರೇ ಹೆಚ್ಚು. ಆ ವ್ಯವಸ್ಥೆಯನ್ನು ಯಾರೂ ಸಮರ್ಥಿಸಬಾರದು. ನಾವೂ ಸಮರ್ಥಿಸುವುದಿಲ್ಲ.

ಅದನ್ನು ಕಿತ್ತುಹಾಕಲು ಅಸೆಂಬ್ಲಿ ಸದಸ್ಯೆ ಜಾಕಿ ಅರ್ವಿನ್ ತಂದ ಮಸೂದೆ ಎಬಿ 705, 2017ರಲ್ಲಿ ಕಾನೂನಾಯಿತು. ಪ್ರೌಢಶಾಲೆಯ ಅಂಕಗಳನ್ನು ನೋಡಿ, ಒಂದೇ ವರ್ಷದೊಳಗೆ ವಿಶ್ವವಿದ್ಯಾಲಯ ಮಟ್ಟದ ಗಣಿತ ಮುಗಿಸುವ ಸಾಧ್ಯತೆ ಹೆಚ್ಚಾಗುವಂತೆ ವಿದ್ಯಾರ್ಥಿಯನ್ನು ಕೂರಿಸಬೇಕೆಂದು ಅದು ವಿಧಿಸಿತು. ಸಮಾಜಶಾಸ್ತ್ರ, ಮನಶ್ಶಾಸ್ತ್ರ, ನರ್ಸಿಂಗ್ ಓದುವವರಿಗೆ ಇದರಿಂದ ನಿಜವಾದ ಉಪಕಾರವಾಯಿತು. ಅವರಿಗೆ ಬೇಕಾದದ್ದು ಸಂಖ್ಯಾಶಾಸ್ತ್ರ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಹಂಚಿದರು. ಪ್ರಾಥಮಿಕ ಬೀಜಗಣಿತಕ್ಕೆ ಹೋದವರಲ್ಲಿ ಶೇಕಡಾ 39 ಪಾಸಾದರೆ, ನೇರ ಸಂಖ್ಯಾಶಾಸ್ತ್ರಕ್ಕೆ ಹೋಗಿ ಜೊತೆಗೆ ವಾರಕ್ಕೊಂದು ಬೆಂಬಲ ತರಗತಿ ಪಡೆದವರಲ್ಲಿ ಶೇಕಡಾ 56 ಪಾಸಾದರು. ಇದು ಒಪ್ಪಬೇಕಾದ ಸಾಕ್ಷ್ಯ.

ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಅದೇ ಸದಸ್ಯೆ ತಂದು 2022ರಲ್ಲಿ ಕಾನೂನಾದ ಎಬಿ 1705, ಎಂಜಿನಿಯರಿಂಗ್ ಮತ್ತು ವಿಜ್ಞಾನದ ವಿದ್ಯಾರ್ಥಿಗಳನ್ನೂ ಇದೇ ದಾರಿಗೆ ತಂದಿತು. ಕ್ಯಾಲ್ಕುಲಸ್‌ಗೆ ಮುಂಚೆ ಬೀಜಗಣಿತ ಅಥವಾ ಪ್ರಿಕ್ಯಾಲ್ಕುಲಸ್ ಓದಿಸಬೇಕೆಂದರೆ, ಅದಿಲ್ಲದೆ ವಿದ್ಯಾರ್ಥಿ ಪಾಸಾಗುವ ಸಂಭವ ತೀರಾ ಕಡಿಮೆ ಎಂದೂ, ಅದನ್ನು ಓದಿದರೆ ಪಾಸಾಗುವ ಸಂಭವ ಹೆಚ್ಚುತ್ತದೆಂದೂ, ಎರಡನೇ ಕ್ಯಾಲ್ಕುಲಸ್‌ನವರೆಗೂ ಅವನು ಉಳಿಯುತ್ತಾನೆಂದೂ ಕಾಲೇಜೇ ಅಂಕಿಅಂಶ ಕೊಟ್ಟು ಸಾಬೀತು ಮಾಡಬೇಕು. ಗಡುವು 2025ರ ಜುಲೈ 1. ಗಣಿತದ ಅಧ್ಯಾಪಕರು ಗಟ್ಟಿಯಾಗಿ ವಿರೋಧಿಸಿದ ಮೇಲೆ 2024ರ ಡಿಸೆಂಬರಿನಲ್ಲಿ ರಾಜ್ಯದ ಕಮ್ಯುನಿಟಿ ಕಾಲೇಜುಗಳ ಕೇಂದ್ರ ಕಚೇರಿ ನಿಯಮವನ್ನು ಸ್ವಲ್ಪ ಸಡಿಲಿಸಿತು. ಆದರೆ ದಿಕ್ಕು ಬದಲಾಗಲಿಲ್ಲ. ನೇರ ಕ್ಯಾಲ್ಕುಲಸ್, ಪಕ್ಕದಲ್ಲಿ ಒಂದೆರಡು ಗಂಟೆಯ ಬೆಂಬಲ ತರಗತಿ: ಇದೇ ಈಗಿನ ಮಾದರಿ.

ಸಂಖ್ಯಾಶಾಸ್ತ್ರದಲ್ಲಿ ಫಲ ಕೊಟ್ಟದ್ದು ಕ್ಯಾಲ್ಕುಲಸ್‌ನಲ್ಲೂ ಕೊಡುತ್ತದೆಂದು ನಂಬುವುದಕ್ಕೆ ನಮಗೆ ಕಾರಣ ಕಾಣುವುದಿಲ್ಲ. ಮೊದಲ ಸಂಖ್ಯಾಶಾಸ್ತ್ರ ತರಗತಿಯನ್ನು ಬೀಜಗಣಿತದ ಹೆಚ್ಚಿನ ಹಂಗಿಲ್ಲದೆ ಕಲಿಸಬಹುದು. ಕ್ಯಾಲ್ಕುಲಸ್‌ಗೆ ಬೀಜಗಣಿತವೇ ಭಾಷೆ, ತ್ರಿಕೋನಮಿತಿಯೇ ವ್ಯಾಕರಣ. ಅಕ್ಷರ ಬಾರದವನಿಗೆ ಕಾವ್ಯಪಾಠದ ಪಕ್ಕದಲ್ಲೇ ವಾರಕ್ಕೆರಡು ಗಂಟೆ ಕಾಗುಣಿತ ಹೇಳಿಕೊಟ್ಟರೆ ಅವನಿಗೆ ಕಾಗುಣಿತವೂ ನಿಲ್ಲುವುದಿಲ್ಲ, ಕಾವ್ಯವೂ ದಕ್ಕುವುದಿಲ್ಲ. ಘಾತಾಂಕಗಳ ನಿಯಮ, ಲಾಗರಿದಮ್, ಬಹುಪದೋಕ್ತಿಯ ಅಪವರ್ತನ, ಫಂಕ್ಷನ್‌ನ ನಕ್ಷೆಯನ್ನು ಎಡಕ್ಕೂ ಮೇಲಕ್ಕೂ ಸರಿಸುವುದು, ಸೈನ್ ಮತ್ತು ಕೊಸೈನ್‌ಗಳನ್ನು ವೃತ್ತದ ಮೇಲೆ ಓದುವುದು — ಇವು ತಿಳಿದರೆ ಸಾಲದು, ಯೋಚಿಸದೆ ಕೈ ಓಡುವಷ್ಟು ಪಳಗಬೇಕು. ಮಗ್ಗಿ ಹೇಗೋ ಹಾಗೆ. ಪಳಗಲು ಬುದ್ಧಿವಂತಿಕೆಗಿಂತ ಹೆಚ್ಚಾಗಿ ವಾರಗಳು ಬೇಕು. ನಾವು ಕಳೆದುಕೊಳ್ಳುತ್ತಿರುವುದು ಆ ವಾರಗಳನ್ನು.

ಇನ್ನೊಂದು ಹಾನಿ ಇದಕ್ಕಿಂತ ಮೌನವಾಗಿ ನಡೆದಿದೆ. ಹಳೆಯ ಪರೀಕ್ಷೆ ತಪ್ಪು ಜಾಗಕ್ಕೆ ತಳ್ಳುತ್ತಿತ್ತು ನಿಜ. ಅದನ್ನು ತೆಗೆದುಹಾಕುವಾಗ ಅಳತೆಯನ್ನೇ ತೆಗೆದುಹಾಕಿದೆವು. ಮೊದಲ ದಿನ ತರಗತಿಗೆ ಬಂದ ಮೂವತ್ತೈದು ಜನರಲ್ಲಿ ಯಾರಿಗೆ ಏನು ಬರುತ್ತದೆಂದು ಈಗ ಅಧ್ಯಾಪಕರಿಗೆ ತಿಳಿಯುವುದು ಮೊದಲ ಕಿರುಪರೀಕ್ಷೆಯ ನಂತರ, ಅಂದರೆ ಮೂರೋ ನಾಲ್ಕೋ ವಾರ ಕಳೆದ ಮೇಲೆ. ಹದಿನಾರು ವಾರದ ಸೆಮಿಸ್ಟರಿನಲ್ಲಿ ಅದು ಸುಮಾರು ಕಾಲುಭಾಗ. ಪ್ರೌಢಶಾಲೆಯ ಅಂಕವೇ ಸಾಕೆನ್ನುವವರು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವರದಿಯನ್ನು ಓದಬೇಕು. 2025ರ ನವೆಂಬರಿನಲ್ಲಿ ಹೊರಬಂದ ಅದರ ಪ್ರಕಾರ, ಪ್ರೌಢಶಾಲಾ ಮಟ್ಟಕ್ಕಿಂತ ಕೆಳಗಿನ ಗಣಿತ ಜ್ಞಾನದೊಂದಿಗೆ ಸೇರಿದವರ ಸಂಖ್ಯೆ ಐದು ವರ್ಷದಲ್ಲಿ ಸುಮಾರು ಮೂವತ್ತು ಪಟ್ಟು ಏರಿದೆ. ಹೊಸಬರಲ್ಲಿ ಎಂಟಕ್ಕೊಬ್ಬರು ಅಂಥವರು. ಅಲ್ಲಿನ ಪೂರ್ವಸಿದ್ಧತಾ ತರಗತಿಯವರಿಗೆ ಕೊಟ್ಟ ಪರೀಕ್ಷೆಯಲ್ಲಿ, 7ಕ್ಕೆ 2 ಕೂಡಿದರೆ ಬರುವುದು 6ಕ್ಕೆ ಎಷ್ಟು ಕೂಡಿದರೆ ಬರುತ್ತದೆಂಬ ಪ್ರಶ್ನೆಗೆ ನಾಲ್ವರಲ್ಲಿ ಒಬ್ಬರು ತಪ್ಪು ಬರೆದಿದ್ದರು. ಇವರೆಲ್ಲ ಒಳ್ಳೆಯ ಅಂಕ ಪಡೆದು, ಆಯ್ಕೆಯಾಗಿ ಬಂದವರು. ಅಲ್ಲಿ ಅಳೆದರು, ಆದ್ದರಿಂದ ತಿಳಿಯಿತು. ಎಲ್ಲರಿಗೂ ಬಾಗಿಲು ತೆರೆದಿರುವ ಕಾಲೇಜುಗಳಲ್ಲಿ ಯಾರೂ ಅಳೆಯುತ್ತಿಲ್ಲ.

ಮನೆಲೆಕ್ಕವಾದರೂ ಸುಳಿವು ಕೊಡುತ್ತಿತ್ತು. ಈಗ ಅದೂ ಇಲ್ಲ. ಲೆಕ್ಕದ ಮೇಲೆ ಫೋನು ಹಿಡಿದರೆ ಹಂತಹಂತವಾಗಿ ಉತ್ತರ ಬರುವ ಫೋಟೊಮ್ಯಾತ್ ಹತ್ತು ವರ್ಷಕ್ಕೂ ಹಳೆಯದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ವಿವರಣೆಯ ಸಮೇತ ಬರುತ್ತದೆ. ಮನೆಲೆಕ್ಕದಲ್ಲಿ ನೂರಕ್ಕೆ ನೂರು, ಕೊಠಡಿಯ ಪರೀಕ್ಷೆಯಲ್ಲಿ ನಲವತ್ತು. ಪೂರ್ತಿ ಆನ್‌ಲೈನ್ ತರಗತಿಯಾದರೆ ಆ ನಲವತ್ತೂ ಕಾಣುವುದಿಲ್ಲ.

ಬೆಲೆ ತೆರುವವರು ಯಾರು? ಮಧ್ಯದಲ್ಲಿ ತರಗತಿ ಬಿಟ್ಟರೆ ಅಂಕಪಟ್ಟಿಯಲ್ಲಿ ‘ಡಬ್ಲ್ಯು’ ಬೀಳುತ್ತದೆ. ಸರ್ಕಾರದ ಪೆಲ್ ಅನುದಾನ ಪಡೆಯುವ ಬಡ ವಿದ್ಯಾರ್ಥಿ, ಸಾಮಾನ್ಯವಾಗಿ, ತಾನು ಸೇರಿದ ಯೂನಿಟ್‌ಗಳಲ್ಲಿ ಮೂರರಲ್ಲಿ ಎರಡು ಪಾಲು ಮುಗಿಸಿರಬೇಕು. ಎರಡು ಡಬ್ಲ್ಯು ಬಂದರೆ ಅನುದಾನಕ್ಕೇ ಕುತ್ತು. ಯಾರಿಗೆ ಸಹಾಯವಾಗಲೆಂದು ಕಾನೂನು ಮಾಡಿದರೋ ಮೊದಲ ಏಟು ಅವರಿಗೇ.

ಕನ್ನಡಿಗರಿಗೂ ಇದು ದೂರದ ಮಾತಲ್ಲ. ಕ್ಯುಪರ್ಟಿನೊದ ಡಿ ಆಂಜಾ, ಫ್ರೀಮಾಂಟ್‌ನ ಓಲೋನಿ, ಸಾಂಟಾ ಕ್ಲಾರಾದ ಮಿಷನ್ ಕಾಲೇಜುಗಳು ಇರುವುದು ನಮ್ಮವರು ಮನೆ ಮಾಡಿಕೊಂಡ ಊರುಗಳಲ್ಲೇ. ಹೈಸ್ಕೂಲಿನ ಮಗ ಬೇಸಿಗೆಯಲ್ಲಿ ಆರು ವಾರದ ಪ್ರಿಕ್ಯಾಲ್ಕುಲಸ್ ಮುಗಿಸಿ ಒಂದು ವರ್ಷ ಮುಂದೆ ಜಿಗಿಯಲಿ ಎಂದು ಬಯಸುವ ತಂದೆತಾಯಿ ಬಹಳ. ಆರು ವಾರದಲ್ಲಿ ಪಾಠ ಮುಗಿಯುತ್ತದೆ, ಪಳಗುವುದಿಲ್ಲ. ಜಿಗಿತದ ಆಸೆಯನ್ನು ದಯವಿಟ್ಟು ಬಿಡಿ. ಊರಿನಲ್ಲಿ ಪಿಯುಸಿಗೆ ಕಲಾ ವಿಭಾಗ ತೆಗೆದುಕೊಂಡು, ಮದುವೆಯಾಗಿ ಬಂದು, ಹದಿನೈದು ವರ್ಷದ ಮೇಲೆ ಮತ್ತೆ ಓದಲು ಹೊರಟ ಅಕ್ಕಂದಿರ ಕಷ್ಟ ಬೇರೆ: ಅವರಿಗೆ ಬೇಕಾದ ನಿಧಾನದ ಮೆಟ್ಟಿಲುಗಳೇ ಮಾಯವಾಗಿವೆ. ಎಫ್-1 ವೀಸಾದಲ್ಲಿ ಬಂದವರಂತೂ ನಿವಾಸಿಗಳಿಗಿಂತ ಹಲವು ಪಟ್ಟು ಶುಲ್ಕ ಕಟ್ಟಿ, ಸೆಮಿಸ್ಟರಿಗೆ 12 ಯೂನಿಟ್‌ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಕ್ಯಾಲ್ಕುಲಸ್ ಕೈಕೊಟ್ಟರೂ ಸುಲಭವಾಗಿ ಬಿಡುವಂತಿಲ್ಲ.

ಜೊತೆಯಲ್ಲೇ ಪೂರಕ ಪಾಠ ಎಂಬ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಬಂದವರಿಗೆ ವಿಟಿಯು ‘ಅಡಿಷನಲ್ ಮ್ಯಾಥಮ್ಯಾಟಿಕ್ಸ್’ ಎಂಬ ಪಾಠ ಇಟ್ಟದ್ದನ್ನು ಅಲ್ಲಿ ಓದಿದವರು ಬಲ್ಲರು. ಅದನ್ನು ನೆಪಕ್ಕೆ ನಡೆಸಿದ ಕಡೆ ಆ ಮಕ್ಕಳು ಗಣಿತದ ಬ್ಯಾಕ್‌ಲಾಗ್ ಹೊತ್ತುಕೊಂಡೇ ಓಡಾಡಿದರು. ಮನಸ್ಸಿಟ್ಟು ಕಲಿಸಿದ ಕಡೆ ತಲೆಯೆತ್ತಿದರು. ಪೂರಕ ಪಾಠ ಫಲ ಕೊಡುವುದು ಯಾವ ಮಗುವಿಗೆ ಯಾವುದು ಬಾರದೆಂದು ಗೊತ್ತಿದ್ದಾಗ ಮಾತ್ರ.

ನಾವು ಹಳೆಯ ಏಣಿಯನ್ನು ಮರಳಿ ಕೇಳುತ್ತಿಲ್ಲ. ಮೊದಲ ವಾರದಲ್ಲೇ ಕಾಗದ ಪೆನ್ಸಿಲಿನಲ್ಲಿ, ಅಂಕಕ್ಕೆ ಸೇರದ, ಯಾರನ್ನೂ ಹೊರಹಾಕದ ಒಂದು ಅಳತೆ ನಡೆಯಲಿ. ಬೇಕಾದವರಿಗೆ ಒಂದು ಪೂರ್ಣ ಸೆಮಿಸ್ಟರಿನ ಪ್ರಿಕ್ಯಾಲ್ಕುಲಸ್ ಪ್ರತಿ ಕಾಲೇಜಿನಲ್ಲೂ ಉಳಿಯಲಿ. ಮೊದಲ ಕ್ಯಾಲ್ಕುಲಸ್‌ನಲ್ಲಿ ಎಷ್ಟು ಜನ ಪಾಸಾದರೆಂಬುದರ ಜೊತೆಗೆ, ಅವರು ಎರಡನೇ ಕ್ಯಾಲ್ಕುಲಸ್‌ನಲ್ಲೂ ಭೌತಶಾಸ್ತ್ರದಲ್ಲೂ ಏನಾದರೆಂಬುದನ್ನು ಪ್ರತಿ ಕಾಲೇಜೂ ವರ್ಷವರ್ಷ ಪ್ರಕಟಿಸಲಿ. 2025ರಲ್ಲಿ ಹೊಸ ನಿಯಮದಡಿ ಸೇರಿದ ಮೊದಲ ತಂಡ ವಿಶ್ವವಿದ್ಯಾಲಯ ಮುಟ್ಟುವುದು 2027ರ ಹೊತ್ತಿಗೆ. ಅಲ್ಲಿಯವರೆಗೆ ಕಾದು ಕೂತರೆ ಎರಡು ತಂಡಗಳು ಕೈಬಿಟ್ಟುಹೋಗಿರುತ್ತವೆ.

ಮನೆಯಲ್ಲಿ ಮಾಡಬೇಕಾದ್ದೂ ಇದೆ. ಹೆಸರು ನೋಂದಾಯಿಸುವ ಮುನ್ನ ಒಂದು ಸಂಜೆ ಫೋನನ್ನು ಪಕ್ಕಕ್ಕಿಟ್ಟು ಕೂತುಕೊಳ್ಳಿ. ಮುಕ್ಕಾಲರಿಂದ ಮೂರನೇ ಎರಡು ಭಾಗ ಕಳೆಯಿರಿ. ಎಕ್ಸ್ ಮತ್ತು 5ರ ಮೊತ್ತದ ವರ್ಗ ಬಿಡಿಸಿ. 2ರ ಘಾತ ಋಣ 3 ಎಷ್ಟೆಂದು ಬರೆಯಿರಿ. ಹತ್ತು ನಿಮಿಷದಲ್ಲಿ ಮೂರೂ ಸರಿಬಾರದಿದ್ದರೆ ಕೌನ್ಸೆಲರ್ ಹತ್ತಿರ ಹೋಗಿ ಪ್ರಿಕ್ಯಾಲ್ಕುಲಸ್ ಕೇಳಿ ತೆಗೆದುಕೊಳ್ಳಿ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಬೀಜಗಣಿತ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿದೆ, ಮೊದಲ ಅಧ್ಯಾಯದಿಂದ ಶುರುಮಾಡಿ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ ಆಡಳಿತ ಮಂಡಳಿಯನ್ನು ಆರಿಸುವವರು ಆ ಊರಿನ ಮತದಾರರು. ಮಂಡಳಿಯ ಸಭೆಗಳಲ್ಲಿ ಯಾರು ಬೇಕಾದರೂ ಮಾತಾಡಬಹುದು. ಮುಂದಿನ ಸಭೆಗೆ ಹೋಗಿ, ನಿಮ್ಮ ಸರದಿ ಬಂದಾಗ ಎದ್ದು ನಿಂತು ಕೇಳಿ: ನಮ್ಮ ಕಾಲೇಜಿನಲ್ಲಿ ನೇರವಾಗಿ ಕ್ಯಾಲ್ಕುಲಸ್‌ಗೆ ಕೂರಿಸಿದವರಲ್ಲಿ ಎರಡನೇ ಕ್ಯಾಲ್ಕುಲಸ್ ಮುಗಿಸಿದವರು ಎಷ್ಟು ಮಂದಿ?