ವನವಿಹಾರವೋ, ವಾಹನವಿಹಾರವೋ?

ದೇವರಾಯನದುರ್ಗದಲ್ಲಿ ಸೌಕರ್ಯವು ಸಾಲದೆಂಬ ಕೂಗು ತುಮಕೂರಿನ ವಿದ್ಯಾವಂತ ಗೃಹಸ್ಥರಿಂದಲೇ ಹೊರಡುತ್ತಿರುವುದು. ಊರಿಗೆ ಸುಮಾರು 15 ಕಿಲೋಮೀಟರು ದೂರದ ಬೆಟ್ಟ, ಮೇಲಕ್ಕೂ ರಸ್ತೆಯುಂಟು. ಆದರೂ ದಾರಿಯು ಇನ್ನೂ ಅಗಲವಾಗಬೇಕಂತೆ, ಕಾರು ಗುಡಿಯ ಬಾಗಿಲಿಗೇ ಮುಟ್ಟಬೇಕಂತೆ! ವೃದ್ಧರ, ರೋಗಿಗಳ ಮಾತು ಬೇರೆ. ಕಾಲು ಗಟ್ಟಿಯಾಗಿರುವ ತರುಣರಿಗೆ ಇದೆಂತಹ ದೈನ್ಯ? ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ನಡುವಣ ಏರನ್ನು ಬೆವರಿಲ್ಲದೆ ದಾಟಿದವನು ಭೋಗದಲ್ಲಿಯೇ ಉಳಿದನೆಂದು ನನ್ನ ಅರ್ಥ. (ವ್ಯಾಕರಣದವರು ಕ್ಷಮಿಸಲಿ.)

ನಡೆಯದವನು ಏನನ್ನೂ ನೋಡಲಾರನು. ರಾಮಬಾಣದಿಂದ ಉದ್ಭವಿಸಿತೆಂದು ಐತಿಹ್ಯವುಳ್ಳ ನಾಮದ ಚಿಲುಮೆಯ ಬಳಿ ಐದು ನಿಮಿಷ ನಿಂತು, ಚಿತ್ರ ತೆಗೆದುಕೊಂಡು, ತಿಂಡಿಯ ಪೊಟ್ಟಣವನ್ನು ಪೊದೆಗೆಸೆದು ಹೊರಡುವುದು ವಿಹಾರವಲ್ಲ, ಉಪದ್ರವ. ಜಯಮಂಗಲಿಯು ಹುಟ್ಟುವುದೂ ಈ ಬೆಟ್ಟದಲ್ಲಿಯೇ. ನಾವು ಎಸೆದ ಪ್ಲಾಸ್ಟಿಕ್ಕು ಮಳೆಯ ನೀರಿನೊಡನೆ ಇಳಿದು ಕೊರಟಗೆರೆಯ ಕಡೆಯ ರೈತನ ಹೊಲವನ್ನು ಸೇರಿದರೆ, ಆತನು ಯಾರನ್ನು ಕೇಳಬೇಕು?

ಬರುವ ಕಾರ್ತಿಕದ ವನಭೋಜನಕ್ಕೆ ಬಸ್ಸು ಗೊತ್ತುಮಾಡುವ ನಮ್ಮ ಸಂಘದ ಕಾರ್ಯದರ್ಶಿಗಳು ಅದನ್ನು ಚಿಲುಮೆಯ ಬಳಿಯಲ್ಲಿಯೇ ನಿಲ್ಲಿಸತಕ್ಕದ್ದು. ಊಟವು ಮುತ್ತುಗದ ಎಲೆಯಲ್ಲಾಗಲಿ. ಹತ್ತಲಾರೆನೆಂಬ ತರುಣರು ತಮ್ಮ ಹೆಸರನ್ನು ಮುಂಚಿತವಾಗಿಯೇ ಬರೆಯಿಸಲಿ. ಪಟ್ಟಿಯನ್ನು ಇದೇ ಪತ್ರಿಕೆಯಲ್ಲಿ ಅಚ್ಚುಹಾಕಿಸೋಣ.