ಬಾಡಿಗೆ ಗಾಡಿಯ ಚಾಲಕನೂ ಟೊಯೋಟಾದ ಕೀರ್ತಿಯೂ

ಟೊಯೋಟಾ ಎಂಬ ಹೆಸರಿಗೆ ಕನ್ನಡನಾಡಿನಲ್ಲಿ ಇಂದು ಸಲ್ಲುತ್ತಿರುವ ಗೌರವವು ಪತ್ರಿಕೆಗಳ ಜಾಹೀರಾತಿನಿಂದಾಗಲಿ, ಸಿರಿವಂತರ ಮನೆಯಂಗಳದಲ್ಲಿ ನಿಂತ ಫಾರ್ಚ್ಯೂನರುಗಳಿಂದಾಗಲಿ ಬಂದುದಲ್ಲ. ಹಳದಿ ಬೋರ್ಡಿನ ಗಾಡಿಯೊಂದನ್ನು ಸಾಲ ಮಾಡಿ ಕೊಂಡು, ಬೆಳಗಿನ ಜಾವದಲ್ಲಿ ಮದುವೆಯ ದಿಬ್ಬಣವನ್ನೂ, ನಡುರಾತ್ರಿಯಲ್ಲಿ ಬೆಂಗಳೂರಿನ ಕಂಪನಿಗಳ ನೌಕರರನ್ನೂ, ಮಾಗಿಯಲ್ಲಿ ಶಬರಿಮಲೆಯ ಮಾಲಾಧಾರಿಗಳನ್ನೂ, ಬೇಸಗೆಯ ರಜೆಯಲ್ಲಿ ಧರ್ಮಸ್ಥಳ ಕುಕ್ಕೆಗಳ ಯಾತ್ರಿಕರನ್ನೂ ಹೊತ್ತು, ಬಂದ ಬಾಡಿಗೆಯಿಂದಲೇ ಬ್ಯಾಂಕಿನ ಕಂತನ್ನೂ ಮಕ್ಕಳ ಶಾಲೆಯ ಶುಲ್ಕವನ್ನೂ ತೀರಿಸಿದ ಚಾಲಕರು ಬಾಯಿಂದ ಬಾಯಿಗೆ ಹರಡಿದ ಮಾತಿನಿಂದ ಬಂದುದು ಅದು. "ಗಾಡಿ ಕೈಕೊಡೋಲ್ಲ ಸಾರ್" ಎಂಬ ಅವರ ಒಂದು ವಾಕ್ಯಕ್ಕೆ ಇದ್ದ ಬೆಲೆ ಯಾವ ತಜ್ಞರ ಪ್ರಮಾಣಪತ್ರಕ್ಕೂ ಇರಲಿಲ್ಲ. ಹೀಗೆ ತನಗೆ ಹೆಸರು ಗಳಿಸಿಕೊಟ್ಟ ಈ ವರ್ಗದಿಂದ ಆ ಸಂಸ್ಥೆಯು ಈಚಿನ ವರ್ಷಗಳಲ್ಲಿ ಮೆಲ್ಲಮೆಲ್ಲನೆ ದೂರ ಸರಿಯುತ್ತಿದೆಯೆಂಬುದೂ, ಅದು ವ್ಯಾಪಾರದ ದೃಷ್ಟಿಯಿಂದಲೂ ವಿವೇಕವಲ್ಲವೆಂಬುದೂ ನನ್ನ ಅಭಿಪ್ರಾಯ. ಇದನ್ನು ಸಮರ್ಥಿಸಲು ಆ ಸಂಸ್ಥೆಯ ಪೂರ್ವಚರಿತ್ರೆಗಿಂತ ಉತ್ತಮವಾದ ಸಾಕ್ಷಿ ಬೇರೆ ಬೇಕಿಲ್ಲ.

ಆ ಚರಿತ್ರೆ ಮೊದಲಾಗುವುದು ಮೋಟಾರಿನಿಂದಲ್ಲ, ಮಗ್ಗದಿಂದ. 1867ರಲ್ಲಿ ಬಡಗಿಯೊಬ್ಬನ ಮಗನಾಗಿ ಹುಟ್ಟಿದ ಸಕಿಚಿ ಟೊಯೋಡಾ, ಮನೆಯ ಹೆಂಗಸರು ಕೈಮಗ್ಗದ ಮುಂದೆ ಪಡುತ್ತಿದ್ದ ಶ್ರಮವನ್ನು ಕಂಡು ಅದನ್ನು ಹಗುರಗೊಳಿಸುವ ಉಪಾಯಗಳಲ್ಲಿಯೇ ತನ್ನ ಆಯುಷ್ಯವನ್ನು ಸವೆಸಿದವನು. 1924ರಲ್ಲಿ ಅವನೂ ಅವನ ಮಗ ಕಿಇಚಿರೋನೂ ಸಿದ್ಧಗೊಳಿಸಿದ ಸ್ವಯಂಚಾಲಿತ ಮಗ್ಗದ ವೈಶಿಷ್ಟ್ಯವೆಂದರೆ, ಹಾಸಿನ ಒಂದೇ ಒಂದು ಎಳೆ ಹರಿದರೂ ಯಂತ್ರವು ತಾನಾಗಿಯೇ ನಿಂತುಬಿಡುತ್ತಿದ್ದುದು. ಇದರಿಂದ ದೋಷಯುಕ್ತವಾದ ಬಟ್ಟೆ ಗಜಗಟ್ಟಲೆ ನೇಯಲ್ಪಡುವುದು ತಪ್ಪಿತು. ಒಬ್ಬಳೇ ಹೆಂಗಸು ಹತ್ತಾರು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಕೈಗಾರಿಕಾ ಕ್ರಾಂತಿಯ ತವರಾದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಎಂಬ ಪ್ರಖ್ಯಾತ ಸಂಸ್ಥೆಯೇ 1929ರಲ್ಲಿ ಒಂದು ಲಕ್ಷ ಪೌಂಡು ಒಪ್ಪಿ ಈ ಮಗ್ಗದ ಹಕ್ಕನ್ನು ಕೊಂಡಿತೆಂದರೆ, ಅಂದಿನ ಏಷ್ಯಾ ಖಂಡದ ಸ್ಥಿತಿಯಲ್ಲಿ ಅದು ಸಾಮಾನ್ಯವಾದ ಸಂಗತಿಯಲ್ಲ. ಮರುವರ್ಷವೇ ಸಕಿಚಿ ತೀರಿಕೊಂಡನು. 1933ರಲ್ಲಿ ಕಿಇಚಿರೋ ಮಗ್ಗದ ಕಾರ್ಖಾನೆಯಲ್ಲಿಯೇ ಮೋಟಾರು ವಿಭಾಗವೊಂದನ್ನು ತೆರೆದನು. 1937ರಲ್ಲಿ ಅದು ಪ್ರತ್ಯೇಕ ಸಂಸ್ಥೆಯಾಯಿತು.

ಇಂದಿನ ಕೀರ್ತಿಯನ್ನು ಕಂಡು ಅಂದಿನ ಸ್ಥಿತಿಯನ್ನು ಊಹಿಸಹೊರಟವರು ಮೋಸಹೋಗುವರು. 1935ರಲ್ಲಿ ಹೊರಬಂದ ಜಿ1 ಎಂಬ ಮೊದಲ ಲಾರಿಯು ದಾರಿಯುದ್ದಕ್ಕೂ ಕೆಟ್ಟು ನಿಲ್ಲುವುದಕ್ಕೇ ಪ್ರಸಿದ್ಧವಾಗಿತ್ತು. ಆಗ ಸಂಸ್ಥೆಯು ಮಾಡಿದುದೇನೆಂದರೆ, ಲಾರಿ ಎಲ್ಲಿ ನಿಂತಿತೋ ಅಲ್ಲಿಗೆ ತನ್ನ ಎಂಜಿನಿಯರುಗಳನ್ನೇ ಅಟ್ಟಿ, ಮುರಿದ ಭಾಗವನ್ನು ಸರಿಪಡಿಸಿ, ಅದು ಏಕೆ ಮುರಿಯಿತೆಂಬುದನ್ನು ಗುರುತುಮಾಡಿಕೊಂಡು ಬಂದು, ಕಾರ್ಖಾನೆಯಲ್ಲಿ ಅದರ ಮೂಲವನ್ನು ತಿದ್ದಿದುದು. ಜನರಲ್ ಮೋಟಾರ್ಸಿನ ಜಪಾನೀ ಶಾಖೆಯಿಂದ ಬಂದು ಸೇರಿದ್ದ ಶೋತಾರೋ ಕಾಮಿಯಾ ಎಂಬ ಮಾರಾಟದ ಮುಖ್ಯಸ್ಥನ ಧೋರಣೆಯೂ ಇದೇ ಆಗಿತ್ತು. ಗಾಡಿಯನ್ನು ಕೊಂಡವನಿಗೆ ಮೊದಲ ಸ್ಥಾನ, ಮಾರುವವನಿಗೆ ಅನಂತರ, ತಯಾರಿಸುವವನಿಗೆ ಕಡೆಯದು. ಲಾರಿ ಓಡಿಸುವವರ ಬೈಗುಳವೇ ಆ ಸಂಸ್ಥೆಗೆ ಮೊದಲ ಪಾಠಶಾಲೆಯಾಯಿತೆಂದರೆ ತಪ್ಪಾಗದು.

ಯುದ್ಧಾನಂತರದ ದುರ್ಭಿಕ್ಷದಲ್ಲಿ ಸಂಸ್ಥೆಯು ದಿವಾಳಿಯ ಅಂಚಿಗೆ ಬಂದು, ಸಾವಿರಾರು ಮಂದಿಯನ್ನು ಕೆಲಸದಿಂದ ಬಿಡಿಸಬೇಕಾಗಿ, ದೀರ್ಘವಾದ ಮುಷ್ಕರ ನಡೆದು, ಅದರ ಹೊಣೆಹೊತ್ತು 1950ರಲ್ಲಿ ಕಿಇಚಿರೋ ಅಧ್ಯಕ್ಷಪದವಿಯನ್ನು ಬಿಟ್ಟುಕೊಟ್ಟನು. ಅದೇ ವರ್ಷದ ಜೂನಿನಲ್ಲಿ ಕೊರಿಯಾ ಯುದ್ಧ ಆರಂಭವಾಗಿ ಅಮೆರಿಕದ ಸೇನೆಯು ಲಾರಿಗಳಿಗಾಗಿ ಬೇಡಿಕೆ ಕಳುಹಿಸಿದುದರಿಂದ ಸಂಸ್ಥೆ ಉಳಿಯಿತು. ಆದರೆ ಅದನ್ನು ಕಟ್ಟಿದವನು 1952ರಲ್ಲಿ, ಮತ್ತೆ ಆ ಪೀಠಕ್ಕೆ ಮರಳುವ ಮುನ್ನವೇ, ಕಣ್ಣುಮುಚ್ಚಿದನು. ನೆರೆಯ ರಾಷ್ಟ್ರದ ರಕ್ತಪಾತದಿಂದ ಒದಗಿದ ಭಾಗ್ಯವನ್ನು ಸಂಸ್ಥೆಯ ಅಭಿಮಾನಿಗಳು ಸಾಧಾರಣವಾಗಿ ನೆನೆಯುವುದಿಲ್ಲ. 1957ರಲ್ಲಿ ಅಮೆರಿಕಕ್ಕೆ ಕಳುಹಿಸಿದ ಕ್ರೌನ್ ಕಾರು, ಜಪಾನಿನ ಕಿರಿದಾದ ರಸ್ತೆಗಳಿಗೆ ಒಗ್ಗಿದ ಎಂಜಿನಿನಿಂದ ಅಲ್ಲಿಯ ಹೆದ್ದಾರಿಗಳ ವೇಗವನ್ನು ತಾಳಲಾರದೆ ಏದುಸಿರು ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಅದರ ಮಾರಾಟವನ್ನು ನಿಲ್ಲಿಸಿ, ಲ್ಯಾಂಡ್ ಕ್ರೂಸರೊಂದರಿಂದಲೇ ಅಂಗಡಿಯ ಬಾಗಿಲನ್ನು ತೆರೆದಿಟ್ಟುಕೊಳ್ಳಬೇಕಾಯಿತು. 1966ರ ಕೊರೊಲ್ಲಾದವರೆಗಿನ ಅವರ ಪಯಣವು ಇಂಥ ಮುಖಭಂಗಗಳಿಂದ ತುಂಬಿದುದೇ. ಈ ನಡುವೆ ತಾಯಿಚಿ ಓನೋ ಎಂಬ ಕಾರ್ಖಾನೆಯ ಅಧಿಕಾರಿಯು, ಹರಿದ ಎಳೆಗೆ ನಿಲ್ಲುವ ಮಗ್ಗದ ತತ್ತ್ವವನ್ನೇ ಮನುಷ್ಯರಿಗೂ ಅನ್ವಯಿಸಿ, ದೋಷವನ್ನು ಕಂಡ ಯಾವ ಸಾಮಾನ್ಯ ಕಾರ್ಮಿಕನಾದರೂ ಹಗ್ಗವೊಂದನ್ನು ಎಳೆದು ಇಡೀ ಜೋಡಣೆಯ ಸಾಲನ್ನೇ ನಿಲ್ಲಿಸಬಹುದೆಂಬ ಪದ್ಧತಿಯನ್ನು ರೂಢಿಗೆ ತಂದನು. ಜಗತ್ತಿನ ವಾಣಿಜ್ಯ ವಿದ್ಯಾಲಯಗಳೆಲ್ಲ ಬಾಯಿಪಾಠ ಮಾಡಿದ ಈ ಪದ್ಧತಿಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಕರ್ನಾಟಕಕ್ಕೆ ಈ ಮನೆತನ ಬಂದುದೂ ಮೊದಲು ನೂಲಿನ ದಾರಿಯಿಂದಲೇ ಎಂಬುದು ಅನೇಕರಿಗೆ ತಿಳಿಯದು. ಹರಿಹರದಲ್ಲಿ ಯಂತ್ರೋಪಕರಣಗಳನ್ನು ತಯಾರಿಸಿ ಹೆಸರಾಗಿದ್ದ ಕಿರ್ಲೋಸ್ಕರರ ಮನೆತನದೊಡನೆ ಸೇರಿ 1995ರಲ್ಲಿ ಬೆಂಗಳೂರಿನ ಸಮೀಪದಲ್ಲಿ ನೂಲುವ ಯಂತ್ರಗಳ ಸಂಸ್ಥೆಯೊಂದನ್ನು ಸ್ಥಾಪಿಸಿದ ಬಳಿಕವೇ, 1997ರಲ್ಲಿ, ವಿಕ್ರಮ್ ಕಿರ್ಲೋಸ್ಕರರ ಸಹಯೋಗದಿಂದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಅಸ್ತಿತ್ವಕ್ಕೆ ಬಂದಿತು. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆ ಮಾತ್ರವೇ ಖ್ಯಾತವಾಗಿದ್ದ ಬಿಡದಿಯಲ್ಲಿ ಕಾರ್ಖಾನೆ ಎದ್ದಿತು. 2000ದ ಆರಂಭದಲ್ಲಿ ಕ್ವಾಲಿಸ್ ರಸ್ತೆಗಿಳಿಯಿತು.

ಕ್ವಾಲಿಸ್ ನೋಡಲು ಅಂದವಾದ ಗಾಡಿಯೇನೂ ಅಲ್ಲ. ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಿನಿಂದ ಅದಾಗಲೇ ಹಳತಾಗಿದ್ದ ಮಾದರಿಯನ್ನು ಇಲ್ಲಿಗೆ ತಂದರೆಂದು ಬಲ್ಲವರು ಮೂಗುಮುರಿದರು. ಅದರ ಡಬ್ಬಿಯಂಥ ಆಕಾರವನ್ನು ಕುರಿತು ನಗೆಯಾಡಿದರು. ಆದರೆ ಬಾಡಿಗೆಯವನು ಗಾಡಿಯನ್ನು ಅಳೆಯುವ ಅಳತೆಗೋಲು ಬೇರೆ. ಕುಟುಂಬವೊಂದು ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಟ್ಟಾಗಿ ಕೂರಬಲ್ಲುದೆ, ಮೇಲಿನ ಕ್ಯಾರಿಯರಿನಲ್ಲಿ ಗಂಟುಮೂಟೆ ಹಿಡಿಸುವುದೆ, ಶಿರಾಡಿಯ ಏರಿನಲ್ಲಿ ಎಸಿ ಹಾಕಿಕೊಂಡೇ ಹತ್ತುವುದೆ, ಹಾಸನದಾಚೆಯ ಸಣ್ಣ ಊರಿನಲ್ಲಿ ಕೆಟ್ಟರೆ ಅಲ್ಲಿಯ ಮೆಕ್ಯಾನಿಕ್ಕಿಗೆ ಅರ್ಥವಾಗುವುದೆ, ಐದು ವರ್ಷದ ಮೇಲೆ ಮಾರಹೋದರೆ ಹಣ ಹುಟ್ಟುವುದೆ, ಎಂಬಿವೇ ಅವನ ಪ್ರಶ್ನೆಗಳು. ಈ ಎಲ್ಲಕ್ಕೂ ಕ್ವಾಲಿಸ್ ಹೌದೆಂದಿತು. ಅದರ 2.4 ಲೀಟರಿನ ಡೀಸೆಲ್ ಎಂಜಿನು ಶಕ್ತಿಯಲ್ಲಿ ಸಾಧಾರಣವಾದರೂ ಸಹನೆಯಲ್ಲಿ ಅಸಾಧಾರಣವಾಗಿತ್ತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ತಲೆಯೆತ್ತಿ, ರಾತ್ರಿಯ ಪಾಳಿಯ ಯುವಕ ಯುವತಿಯರನ್ನು ಮನೆಯಿಂದ ಕರೆತಂದು ಬಿಡುವ ಪಿಕಪ್ ಡ್ರಾಪ್ ಎಂಬ ಹೊಸ ಉದ್ಯೋಗವೇ ಹುಟ್ಟಿಕೊಂಡಿತು. ನಗರದ ರಾತ್ರಿಯೆಲ್ಲ ಬಿಳಿಯ ಕ್ವಾಲಿಸುಗಳದಾಯಿತು. ಅದರಲ್ಲಿ ಏರ್‌ಬ್ಯಾಗ್ ಇರಲಿಲ್ಲವೆಂಬುದನ್ನೂ, ಗಾಡಿಯ ದೀರ್ಘಾಯುಷ್ಯವೂ ಒಳಗಿರುವವರ ಸುರಕ್ಷತೆಯೂ ಒಂದೇ ಅಲ್ಲವೆಂಬುದನ್ನೂ ಆಗ ಯಾರೂ ಎಣಿಸಿದಂತೆ ಕಾಣದು.

ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾವನ್ನು ತಂದುದು ಧೈರ್ಯದ ಕೆಲಸ. ಹೆಚ್ಚು ಬೆಲೆಯ ಹೊಸ ಗಾಡಿಯನ್ನು ಚಾಲಕರು ಮೊದಲು ಸಂಶಯದಿಂದ ನೋಡಿದರೂ, ಮೂರು ನಾಲ್ಕು ಲಕ್ಷ ಕಿಲೋಮೀಟರು ಓಡಿದ ಮೇಲೂ ಎಂಜಿನನ್ನು ಬಿಚ್ಚದ ಇನ್ನೋವಾಗಳು ಟ್ಯಾಕ್ಸಿ ನಿಲ್ದಾಣಗಳಲ್ಲಿ ಕಾಣತೊಡಗಿದಂತೆ ಆ ಸಂಶಯ ಕರಗಿತು. ಚಾಲಕರ ಮಾತಿನಲ್ಲಿ ದೂರುಗಳಿಲ್ಲವೆಂದಲ್ಲ: ಕ್ಲಚ್ಚು ಸವೆಯುವುದನ್ನೂ, ಇಂಜೆಕ್ಟರ್ ಹೋದರೆ ಆಗುವ ಖರ್ಚನ್ನೂ, ಘಾಟಿಯ ತಿರುವುಗಳಲ್ಲಿ ಕಡೆಯ ಸಾಲಿನಲ್ಲಿ ಕುಳಿತವರಿಗೆ ಹೊಟ್ಟೆ ತೊಳಸುವುದನ್ನೂ ಅವರು ಮುಚ್ಚಿಡುವುದಿಲ್ಲ. ಆದರೂ ಮುಂದಿನ ಗಾಡಿ ಯಾವುದೆಂದು ಕೇಳಿದರೆ ಅದೇ ಹೆಸರು. ಇದನ್ನು ಜಪಾನೀಯರ ಯಾವುದೋ ಮಂತ್ರಶಕ್ತಿಯೆಂದು ಭಾವಿಸುವವರಿಗೆ ನಾನು ಒಂದು ಮಾತು ಹೇಳಬಯಸುವೆನು: ನಿಗದಿತ ಕಿಲೋಮೀಟರಿಗೆ ತಪ್ಪದೆ ಆಯಿಲ್ ಬದಲಿಸಿ, ಟೈಮಿಂಗ್ ಬೆಲ್ಟಿನ ಗಡುವನ್ನು ಪಂಚಾಂಗದಂತೆ ನೆನಪಿಟ್ಟು, ಬೆಳಗಿನಲ್ಲಿ ಗಾಡಿಯನ್ನು ತೊಳೆದು ಊದುಬತ್ತಿ ಹಚ್ಚಿಯೇ ಹೊರಡುವ ಚಾಲಕನ ಶಿಸ್ತು ಇಲ್ಲದಿದ್ದರೆ, ಯಾವ ಎಂಜಿನೂ ಅಷ್ಟು ದೂರ ಬಾರದು. ಆ ಕೀರ್ತಿಯಲ್ಲಿ ಅರ್ಧ ಪಾಲು ಅವನದು.

ಇನ್ನರ್ಧದಲ್ಲಿಯೂ ಬಿಡದಿಯ ಕಾರ್ಮಿಕನ ಪಾಲನ್ನು ಎಣಿಸಬೇಕು. 2006, 2014 ಮತ್ತು 2020ರಲ್ಲಿ ಅಲ್ಲಿ ಲಾಕ್‌ಔಟುಗಳಾದುವು. ಕಡೆಯದರಲ್ಲಿ, ಸೆಕೆಂಡುಗಳ ಲೆಕ್ಕದಲ್ಲಿ ಅಳೆದ ಕೆಲಸದ ವೇಗವನ್ನು ಮೈ ತಾಳದೆಂಬುದು ಕಾರ್ಮಿಕರ ಮುಖ್ಯವಾದ ದೂರಾಗಿತ್ತು. ಗ್ರಾಮಾಂತರದ ಬಡ ಹುಡುಗರಿಗಾಗಿ 2007ರಲ್ಲಿ ತಾಂತ್ರಿಕ ತರಬೇತಿ ಶಾಲೆಯನ್ನು ತೆರೆದು ನಡೆಸಿಕೊಂಡು ಬಂದಿರುವ ಸಂಸ್ಥೆಯೇ ಇದು ಎಂಬುದನ್ನು ನೆನೆದಾಗ, ಎರಡೂ ನಿಜವೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಹರಿದ ಎಳೆಯನ್ನು ಕಂಡು ನಿಲ್ಲುವ ಗುಣವನ್ನು ಸಂಸ್ಥೆಯೇ ಮರೆತ ಸಂದರ್ಭಗಳೂ ಉಂಟು. 2009-10ರಲ್ಲಿ ಅಮೆರಿಕದಲ್ಲಿ ವೇಗವರ್ಧಕದ ಪೆಡಲು ಸಿಕ್ಕಿಕೊಳ್ಳುವ ದೋಷಕ್ಕಾಗಿ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಗಿ, ಕಿಇಚಿರೋನ ಮೊಮ್ಮಗ ಅಕಿಯೋ ಟೊಯೋಡಾ ಅಲ್ಲಿಯ ಶಾಸನಸಭೆಯ ಮುಂದೆ ಕ್ಷಮೆ ಕೇಳಿದನು. ಸಂಸ್ಥೆ ಬೆಳೆದ ವೇಗವು ಅದರ ಜನರು ಪಳಗುವ ವೇಗವನ್ನು ಮೀರಿತೆಂದು ಅವನೇ ಒಪ್ಪಿಕೊಂಡನು. ನಾಲ್ಕು ವರ್ಷಗಳ ಮೇಲೆ, ಗ್ರಾಹಕರಿಂದ ಸತ್ಯವನ್ನು ಮರೆಮಾಚಿದುದಕ್ಕಾಗಿ 120 ಕೋಟಿ ಡಾಲರು ದಂಡ ತೆರಬೇಕಾಯಿತು. ಇದಕ್ಕಿಂತ ವಿಪರ್ಯಾಸವಾದುದು 2024ರ ಜನವರಿಯ ಪ್ರಸಂಗ. ಡೀಸೆಲ್ ಎಂಜಿನುಗಳ ಪ್ರಮಾಣೀಕರಣ ಪರೀಕ್ಷೆಯಲ್ಲಿ, ಮಾರುವ ಗಾಡಿಗಿಂತ ಭಿನ್ನವಾದ ತಂತ್ರಾಂಶವನ್ನಿಟ್ಟು ಶಕ್ತಿಯ ಅಂಕಿಗಳು ನುಣುಪಾಗಿ ಕಾಣುವಂತೆ ಮಾಡಿದ್ದರೆಂಬ ಸಂಗತಿ ಬಯಲಾಗಿ, ಇನ್ನೋವಾ ಕ್ರಿಸ್ಟಾ, ಫಾರ್ಚ್ಯೂನರ್, ಹೈಲಕ್ಸುಗಳ ರವಾನೆಯನ್ನು ಭಾರತದಲ್ಲಿಯೂ ಕೆಲಕಾಲ ನಿಲ್ಲಿಸಬೇಕಾಯಿತು. ಹೀಗೆ ಮಾಡಿದ ಸಂಸ್ಥೆ ಯಾವುದು? ಸಕಿಚಿಯ ಮಗ್ಗಗಳನ್ನು ತಯಾರಿಸಲು 1926ರಲ್ಲಿ ಕಟ್ಟಿದ ಆ ಮೂಲ ಕಾರ್ಖಾನೆಯೇ! ಗಾಡಿ ಬಿಡದೆ ಓಡುತ್ತಿದ್ದುದರಿಂದ ನಮ್ಮ ಚಾಲಕರು ಇದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಂಥ ಔದಾರ್ಯವು ಸಂಸ್ಥೆಗೆ ಎಂದೆಂದಿಗೂ ದೊರೆಯುವುದೆಂಬ ಭರವಸೆಯೇನೂ ಇಲ್ಲ.

ಈಗಿನ ಸ್ಥಿತಿಯನ್ನು ನೋಡಿರಿ. 2016ರ ಕ್ರಿಸ್ಟಾ ಇನ್ನೂ ಚಾಲಕನ ಗಾಡಿಯಾಗಿಯೇ ಉಳಿದಿತ್ತು. ಆದರೆ ಅದರ ಆರಂಭದ ಬೆಲೆಯೇ ಬರಬರುತ್ತ 20 ಲಕ್ಷದ ಆಸುಪಾಸಿಗೆ ಏರಿತು. 2022ರಲ್ಲಿ ಬಂದ ಹೈಕ್ರಾಸ್ ಇನ್ನೋವಾದ ಹೆಸರನ್ನಿಟ್ಟುಕೊಂಡರೂ, ಗಟ್ಟಿಯಾದ ಛಾಸಿಯನ್ನೂ ಹಿಂದಿನ ಚಕ್ರಗಳ ಚಾಲನೆಯನ್ನೂ ಡೀಸೆಲನ್ನೂ ತೊರೆದು, ಪೆಟ್ರೋಲು ಮತ್ತು ಹೈಬ್ರಿಡ್ಡಿನ ದಾರಿ ಹಿಡಿದಿದೆ. ನಗರದ ಗಾಳಿಯ ದೃಷ್ಟಿಯಿಂದ ಇದು ಸರಿಯಾದ ದಾರಿಯೆಂಬುದನ್ನು ನಾನು ಅಲ್ಲಗಳೆಯೆನು. ದೆಹಲಿಯಲ್ಲಿ 2015ರ ಕೊನೆಗೆ ದೊಡ್ಡ ಡೀಸೆಲ್ ಗಾಡಿಗಳ ನೋಂದಣಿಯನ್ನು ಸರ್ವೋಚ್ಚ ನ್ಯಾಯಾಲಯವು ತಡೆದಾಗಲೇ ಡೀಸೆಲಿನ ಭವಿಷ್ಯ ತಿಳಿದಿತ್ತು. ಹೈಬ್ರಿಡ್ ಗಾಡಿ ಇಂಧನವನ್ನು ಉಳಿಸುವುದೂ ನಿಜ. ಆದರೆ ಅದರ ಬ್ಯಾಟರಿಯ ಆಯುಷ್ಯವೆಷ್ಟು, ಬದಲಿಸಬೇಕಾದರೆ ಆಗುವ ವೆಚ್ಚವೆಷ್ಟು, ಊರಿನ ಮೆಕ್ಯಾನಿಕ್ಕು ಅದನ್ನು ಮುಟ್ಟಬಹುದೆ, ಎಂಬ ಪ್ರಶ್ನೆಗಳಿಗೆ ಶೋರೂಮಿನ ತಂಪಿನಲ್ಲಿ ಸಿಗುವ ಉತ್ತರದಿಂದ ಸಕಲೇಶಪುರದ ಚಾಲಕನಿಗೆ ನೆಮ್ಮದಿಯಾಗದು. ಕಡಿಮೆ ಬೆಲೆಯ ಗಾಡಿ ಬೇಕೆಂದವನಿಗೆ ಸಂಸ್ಥೆಯು ತೋರಿಸುವುದು, ಸುಜುಕಿಯೊಡನೆ ಮಾಡಿಕೊಂಡ ಒಪ್ಪಂದದ ಫಲವಾಗಿ ಎರ್ಟಿಗಾದ ಮೇಲೆ ತನ್ನ ಲಾಂಛನವನ್ನು ಅಂಟಿಸಿದ ರೂಮಿಯಾನನ್ನು. (ಸುಜುಕಿಯೂ 1909ರಲ್ಲಿ ಮಗ್ಗದ ಕಾರ್ಖಾನೆಯಾಗಿಯೇ ಹುಟ್ಟಿದ ಮನೆ, ಸಂಬಂಧ ಕುಲಕ್ಕೆ ತಕ್ಕುದೇ.) ಅದು ಒಳ್ಳೆಯ ಗಾಡಿಯೇ ಇರಬಹುದು. ಆದರೆ ಚಾಲಕನ ಇಪ್ಪತ್ತು ವರ್ಷಗಳ ಮಾತಿನಿಂದ ಬೆಲೆ ಬಂದ ಲಾಂಛನವನ್ನು, ಬೇರೆಯವರು ರೂಪಿಸಿದ ಗಾಡಿಗೆ ಹಚ್ಚಿ ಅವನಿಗೇ ಮಾರುವುದು ಮರ್ಯಾದೆಯ ವ್ಯಾಪಾರವೆಂದು ನನಗೆ ತೋರದು.

ವ್ಯಾಪಾರಸ್ಥರು ದಾನಶಾಲೆಯನ್ನು ತೆರೆಯಬೇಕೆಂದು ನಾನು ಹೇಳುತ್ತಿಲ್ಲ. ಬಿಡದಿಯಲ್ಲಿಯೇ ತಯಾರಾಗುವ, ಅಲಂಕಾರಗಳನ್ನು ಕಳಚಿದ, ಆದರೆ ಸುರಕ್ಷತೆಯಲ್ಲಿ ಕೊರತೆಯಿಲ್ಲದ, ದುಡಿಮೆಗೆಂದೇ ಮಾಡಿದ ಒಂದು ಇನ್ನೋವಾ ಬೇಕು. ಬಾಡಿಗೆ ಗಾಡಿಯ ದೀರ್ಘ ಓಟವನ್ನು ಲೆಕ್ಕಕ್ಕೆ ಹಿಡಿದ ಬ್ಯಾಟರಿಯ ಭರವಸೆ ಬೇಕು. ಬಿಡಿಭಾಗಗಳ ಬೆಲೆಯ ಪಟ್ಟಿಯು ಕನ್ನಡದಲ್ಲಿ ಪ್ರತಿಯೊಂದು ಸರ್ವಿಸ್ ಕೇಂದ್ರದ ಗೋಡೆಯ ಮೇಲೂ ಇರಬೇಕು. ಸಣ್ಣ ಊರಿನ ಮೆಕ್ಯಾನಿಕ್ಕುಗಳಿಗೆ ಹೈಬ್ರಿಡ್ ವಿದ್ಯೆಯನ್ನು ಬಿಡದಿಯ ಆ ತರಬೇತಿ ಶಾಲೆಯೇ ಕಲಿಸಬಹುದು. ಇದಾವುದೂ ಆಗುವವರೆಗೆ ಬಾಡಿಗೆಯವರು ಸುಮ್ಮನೆ ಕೂತಿರುವುದಿಲ್ಲ. ಈಗಾಗಲೇ ಅನೇಕರು ಹೊಸದರ ಗೊಡವೆಗೆ ಹೋಗದೆ, ಹತ್ತು ವರ್ಷ ಹಳೆಯ 2.5 ಲೀಟರಿನ ಇನ್ನೋವಾವನ್ನು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಹುಡುಕಿ, ಎಫ್‌ಸಿ ಮಾಡಿಸಿ ಓಡಿಸುತ್ತಿದ್ದಾರೆ. ಮಿಕ್ಕವರು ಬೇರೆ ಸಂಸ್ಥೆಗಳ ಗಾಡಿಗಳಿಗೆ ಮುಂಗಡ ಕಟ್ಟುತ್ತಿದ್ದಾರೆ.