ಬಿಸಿಲಿಗೊಂದು ಹಗೇವು

ಮಕ್ಕಳೇ, ಹಗೇವು ಅಂದರೆ ಏನು ಗೊತ್ತೇ? ಗೊತ್ತಿಲ್ಲದಿದ್ದರೆ ಮನೆಯಲ್ಲಿರುವ ತಾತನನ್ನೋ ಅಜ್ಜಿಯನ್ನೋ ಕೇಳಿ. ಮಂಚೇನಹಳ್ಳಿ, ಗೌರಿಬಿದನೂರಿನಂಥ ನಮ್ಮ ಬಯಲುಸೀಮೆಯಲ್ಲಿ ಹಿಂದೆ ನೆಲದೊಳಗೆ ಗುಂಡಿ ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿ ಇಡುತ್ತಿದ್ದರು. ಅದೇ ಹಗೇವು. ಬೆಳೆ ಬಂದ ವರ್ಷ ತುಂಬಿಟ್ಟದ್ದು ಮಳೆ ಕೈಕೊಟ್ಟ ವರ್ಷ ಹೊಟ್ಟೆ ತುಂಬಿಸುತ್ತಿತ್ತು.

ಬಿಸಿಲಿಗೂ ಅಂಥದೊಂದು ಹಗೇವು ಬೇಕು. ಸೋಲಾರ್ ಪ್ಯಾನಲ್ ಕರೆಂಟ್ ಕೊಡುವುದು ಹಗಲಲ್ಲಿ; ನಿಮಗೆ ಓದಲು ದೀಪ ಬೇಕಾಗುವುದು ರಾತ್ರಿ. ಕರೆಂಟ್ ಕಂಬವೇ ಬಾರದ ತೋಟದ ಮನೆಗೆ, ಕಾಡಂಚಿನ ಹಾಡಿಗೆ ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸಿಕೊಡುವುದು ಬ್ಯಾಟರಿ.

ಬೆಂಗಳೂರಿನ ಸೆಲ್ಕೊ ಸಂಸ್ಥೆ 1995ರಿಂದ ಹಳ್ಳಿಮನೆಗಳಿಗೆ ಸೋಲಾರ್ ದೀಪ ಹಾಕಿಸುತ್ತಿದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಒಂದು ಯೋಜನೆ ನನಗೆ ಬಹಳ ಇಷ್ಟ. ಪ್ಯಾನಲ್ ಇರುವುದು ಶಾಲೆಯ ಮಾಡಿನ ಮೇಲೆ, ಪುಟ್ಟ ಬ್ಯಾಟರಿ ಇರುವುದು ಮಗುವಿನ ಚೀಲದಲ್ಲಿ. ಶಾಲೆಗೆ ಬಂದು ಚಾರ್ಜಿಗೆ ಹಾಕಬೇಕು, ಸಂಜೆ ಮನೆಗೆ ಒಯ್ದು ದೀಪ ಹೊತ್ತಿಸಬೇಕು. ನಿಮ್ಮ ಊಟದ ಡಬ್ಬಿ ತುಂಬಿ ಬಂದು ಖಾಲಿಯಾಗಿ ಹೋಗುತ್ತದೆ. ಇದು ಖಾಲಿ ಬಂದು ತುಂಬಿಕೊಂಡು ಹೋಗುವ ಡಬ್ಬಿ! ಶಾಲೆ ತಪ್ಪಿಸಿದರೆ ಮನೆಯಲ್ಲಿ ಬೆಳಕೂ ತಪ್ಪುತ್ತದೆ.

ಹಳ್ಳಿಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಸೀಸದ ಬ್ಯಾಟರಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದದ್ದು. ನೀರು ಬೆರೆಸಿದ ಗಂಧಕಾಮ್ಲದಲ್ಲಿ ಸೀಸದ ತಟ್ಟೆಗಳು ಮುಳುಗಿರುತ್ತವೆ. ಒಂದು ಕೋಶಕ್ಕೆ ಸುಮಾರು 2 ವೋಲ್ಟ್. 6 ಕೋಶ ಸೇರಿದರೆ 12 ವೋಲ್ಟ್.

ಈಗ ಲೆಕ್ಕ. 12 ವೋಲ್ಟಿನ, 40 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 12 × 40 = 480 ವಾಟ್-ಗಂಟೆ ಇರುತ್ತದೆ. 5 ವಾಟಿನ ಎರಡು ಬಲ್ಬು ರಾತ್ರಿಗೆ 4 ಗಂಟೆ ಉರಿದರೆ 40 ಖರ್ಚು. ಹಾಗಾದರೆ 12 ರಾತ್ರಿ ಬರುತ್ತದೆಯೇ? ಬರುತ್ತದೆ, ಆದರೆ ಹಾಗೆ ಬಳಸಬಾರದು! ಪದೇ ಪದೇ ತಳ ಕಾಣುವವರೆಗೆ ಖಾಲಿ ಮಾಡಿದರೆ ತಟ್ಟೆಗಳ ಮೇಲೆ ಗಟ್ಟಿ ಪದರ ಕೂತು ಬ್ಯಾಟರಿ ಬೇಗ ಸಾಯುತ್ತದೆ. ಅರ್ಧ ಬಳಸಿ, ಅರ್ಧ ಉಳಿಸಿ. ಆಗಲೂ ಮೋಡ ಕವಿದ 6 ರಾತ್ರಿ ಓದಬಹುದು. ಮುಂದಿನ ಬಿತ್ತನೆಗೆಂದು ಒಂದಿಷ್ಟು ರಾಗಿ ಎತ್ತಿಡುತ್ತಿರಲಿಲ್ಲವೇ, ಹಾಗೆ.

ಹಿರಿಯರಿಗೆ ಮೂರು ಮಾತು. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ತಟ್ಟೆಗಳನ್ನು ಕೆಡಿಸುತ್ತದೆ. ಆ ಕೆಲಸ ಮಕ್ಕಳ ಕೈಗೆ ಬೇಡ, ಆಮ್ಲ ಸುಡುತ್ತದೆ. ಎರಡನೆಯದು, ಪ್ಯಾನಲ್ 20 ವರ್ಷ ದಾಟಿಯೂ ಬಾಳುತ್ತದೆ, ಬ್ಯಾಟರಿಗೆ ಅಷ್ಟು ಆಯಸ್ಸಿಲ್ಲ. ಹೊಸದಕ್ಕೆಂದು ತಿಂಗಳು ತಿಂಗಳು ಸ್ವಲ್ಪ ಹಣ ಎತ್ತಿಡದಿದ್ದರೆ, ಮಾಡಿನ ಮೇಲೆ ಪ್ಯಾನಲ್ ಹೊಳೆಯುತ್ತಿದ್ದರೂ ಮನೆಯೊಳಗೆ ಕತ್ತಲೆ. ಮೂರನೆಯದು, ಹಳೆಯದನ್ನು ಒಡೆಯಬೇಡಿ, ಅಂಗಡಿಗೇ ಹಿಂತಿರುಗಿಸಿ. ಸೀಸ ವಿಷ, ಎಳೆಯ ಮಕ್ಕಳ ಮೆದುಳಿಗೆ ಕೇಡು.

ಮಕ್ಕಳೇ, ಈ ವಾರದ ಪ್ರಶ್ನೆ: ಅದೇ ಮನೆಯಲ್ಲಿ 15 ವಾಟಿನ ಒಂದು ಫ್ಯಾನೂ 4 ಗಂಟೆ ತಿರುಗಿದರೆ, ಅರ್ಧ ಬ್ಯಾಟರಿ ಎಷ್ಟು ರಾತ್ರಿ ಬಂದೀತು? ತಾತನ ಜೊತೆ ಕೂತು ಲೆಕ್ಕ ಹಾಕಿ. ಉತ್ತರ ಬಂದ ಮೇಲೆ ಫ್ಯಾನ್ ಬೇಕೋ, ಬೀಸಣಿಗೆ ಸಾಕೋ, ಮನೆಯವರೆಲ್ಲ ಸೇರಿ ತೀರ್ಮಾನಿಸಿ.